ಲಿಂಕಿನ ಬಾಲದಲ್ಲಿ ಅಂಟಿಕೊಂಡು ಬರುವ ಗುರುತು

ಸಾಮಾಜಿಕ ಜಾಲತಾಣದಲ್ಲಿ ಕಂಡ ಸುದ್ದಿಯೊಂದರ ಲಿಂಕ್ ಒತ್ತಿ, ಪುಟ ತೆರೆದ ಮೇಲೆ ಅಡ್ರೆಸ್ ಬಾರ್ ಕಡೆ ಒಮ್ಮೆ ನೋಡಿ. ಸುದ್ದಿಯ ನಿಜವಾದ ವಿಳಾಸ ಅರ್ಧದಲ್ಲೇ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಹಿಂದೆ ತಲೆಬುಡವಿಲ್ಲದಂತೆ ಕಾಣುವ ಅಕ್ಷರ, ಅಂಕಿಗಳ ಉದ್ದನೆಯ ಬಾಲ. ಆ ಬಾಲವನ್ನು ಅಳಿಸಿ ಎಂಟರ್ ಒತ್ತಿದರೂ ಅದೇ ಸುದ್ದಿ ತೆರೆಯುತ್ತದೆ. ಅಂದರೆ ಅದು ಅಲ್ಲಿರುವುದು ನಿಮಗಾಗಿ ಅಲ್ಲ.

ಈ ಬಾಲವನ್ನು ಓದುವುದು ಕಷ್ಟವಲ್ಲ. ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವುದೆಲ್ಲ ಪ್ಯಾರಾಮೀಟರ್‌ಗಳು. ಪ್ರತಿಯೊಂದಕ್ಕೂ ಒಂದು ಹೆಸರು, ಆಮೇಲೆ = ಚಿಹ್ನೆ, ಆಮೇಲೆ ಮೌಲ್ಯ. ಒಂದಕ್ಕಿಂತ ಹೆಚ್ಚಿದ್ದರೆ ನಡುವೆ & ಇರುತ್ತದೆ. ಇವೆಲ್ಲ ಒಂದೇ ಜಾತಿಯವಲ್ಲ. ಕೆಲವು ಯಾವ ಪುಟ ಬೇಕೆಂದು ಹೇಳುತ್ತವೆ: ಯೂಟ್ಯೂಬ್ ವಿಳಾಸದಲ್ಲಿ ‘ವಿ’ (v) ಎಂಬುದರ ಮುಂದಿರುವುದು ವಿಡಿಯೊದ ಗುರುತು, ಅದನ್ನು ತೆಗೆದರೆ ವಿಡಿಯೊ ಸಿಗುವುದಿಲ್ಲ. ಯುಟಿಎಂ (utm) ಎಂದು ಶುರುವಾಗುವವು ನೀವು ಯಾವ ಜಾಹೀರಾತು, ಯಾವ ಇಮೇಲ್, ಯಾವ ಪ್ರಚಾರದ ಮೂಲಕ ಬಂದಿರಿ ಎಂದು ತಿಳಿಸುತ್ತವೆ. ಒಂದೇ ಜಾಹೀರಾತು ಒತ್ತಿದ ಸಾವಿರ ಜನರಿಗೂ ಸಾಮಾನ್ಯವಾಗಿ ಒಂದೇ ಯುಟಿಎಂ ಇರುವುದರಿಂದ ಇದರ ಹಾನಿ ಕಡಿಮೆ.

ನಿಜವಾಗಿ ಕಾಳಜಿ ಮಾಡಬೇಕಾದದ್ದು ಮೂರನೆಯ ಬಗೆ. ಫೇಸ್‌ಬುಕ್ ಸೇರಿಸುವ ಎಫ್‌ಬಿಕ್ಲಿಡ್ (fbclid), ಗೂಗಲ್ ಜಾಹೀರಾತಿನ ಜಿಕ್ಲಿಡ್ (gclid), ಮೈಕ್ರೋಸಾಫ್ಟ್‌ನ ಎಂಎಸ್‌ಸಿಎಲ್‌ಕೆಐಡಿ (msclkid), ಸಾಮೂಹಿಕ ಇಮೇಲ್ ಕಳಿಸುವ ಸೇವೆ ಮೇಲ್‌ಚಿಂಪ್‌ನ ಇಮೇಲ್‌ಗಳಲ್ಲಿ ಬರುವ ಎಂಸಿ-ಇಐಡಿ (mc_eid) ಈ ಗುಂಪಿನವು. ಮೊದಲ ಮೂರು ಪ್ರತಿ ಕ್ಲಿಕ್ಕಿಗೂ ಬೇರೆ ಬೇರೆ ಗುರುತು ಕೊಡುತ್ತವೆ. ಕೊನೆಯದು ನೇರವಾಗಿ ಆ ಇಮೇಲ್ ಪಡೆದ ಚಂದಾದಾರರದ್ದೇ ಗುರುತು.

ಥರ್ಡ್ ಪಾರ್ಟಿ ಕುಕಿಗಳನ್ನು (ತೆರೆದ ತಾಣದ್ದಲ್ಲದೆ ಹೊರಗಿನ ಕಂಪನಿಗಳು ಬ್ರೌಸರ್‌ನಲ್ಲಿ ಬರೆದಿಡುವ ಗುರುತುಗಳನ್ನು) ತಡೆದಿದ್ದೇನೆ, ಇನ್ನೇನು ಭಯ ಎಂದು ಅನೇಕರು ನೆಮ್ಮದಿಯಿಂದಿರುತ್ತಾರೆ. ಲಿಂಕಿನ ಬಾಲ ಆ ತಡೆಯನ್ನೇ ಸುತ್ತುಹಾಕಿ ದಾಟುತ್ತದೆ. ಗುರುತು ವಿಳಾಸದೊಳಗೇ ಕೂತು ಬರುವುದರಿಂದ ತಡೆಯಲು ಹೊರಗಿನ ಕುಕಿ ಯಾವುದೂ ಇರುವುದಿಲ್ಲ. ನೀವು ತೆರೆದ ತಾಣದಲ್ಲಿ ಫೇಸ್‌ಬುಕ್ ಕಂಪನಿಯ ಮೆಟಾ ಪಿಕ್ಸೆಲ್‌ನಂಥ ಜಾಡು ಹಿಡಿಯುವ ಸ್ಕ್ರಿಪ್ಟ್ ಇದ್ದರೆ ಅದು ಬಾಲದಲ್ಲಿರುವ ಗುರುತನ್ನು ಓದಿ, ಆ ತಾಣದ್ದೇ ಕುಕಿಯಾಗಿ ಬರೆದಿಡುತ್ತದೆ. ಬ್ರೌಸರ್‌ನ ಕಣ್ಣಿಗೆ ಅದು ತಾಣದ ಸ್ವಂತ ಕುಕಿ, ಲಾಗಿನ್ ನೆನಪಿಡುವ ಕುಕಿಗಿಂತ ಬೇರೆಯಲ್ಲ. ಇಂಥ ಕುಕಿಗಳ ಆಯಸ್ಸು ಸಾಮಾನ್ಯವಾಗಿ 90 ದಿನ. ಆ ಅವಧಿಯಲ್ಲಿ ನೀವು ಅದೇ ತಾಣಕ್ಕೆ ನೇರವಾಗಿ ಹೋಗಿ ಏನಾದರೂ ಕೊಂಡರೆ, ಫಾರಂ ತುಂಬಿದರೆ, ಆ ಮಾಹಿತಿ ಹಳೆಯ ಗುರುತಿನ ಜೊತೆ ಜಾಹೀರಾತು ಕಂಪನಿಗೆ ವಾಪಸ್ ಹೋಗಬಲ್ಲದು.

ಹಂಚಿಕೆಯ ಲಿಂಕ್‌ಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಇನ್‌ಸ್ಟಾಗ್ರಾಂ, ಯೂಟ್ಯೂಬ್, ಸ್ಪಾಟಿಫೈ ಆ್ಯಪ್‌ಗಳಲ್ಲಿ ಶೇರ್ ಒತ್ತಿದಾಗ ಲಿಂಕಿನ ಕೊನೆಗೆ ‘ಐಜಿಎಸ್‌ಎಚ್’ (igsh) ಅಥವಾ ‘ಎಸ್‌ಐ’ (si) ಎಂಬ ಗುರುತು ಸೇರುತ್ತದೆ. ನೀವು ಅದನ್ನು ಯಾರಿಗೋ ಕಳಿಸಿ ಅವರು ಒತ್ತಿದರೆ, ಯಾರ ಹಂಚಿಕೆಯಿಂದ ಯಾರು ಬಂದರು ಎಂದು ಜೋಡಿಸಲು ದಾರಿಯಾಗುತ್ತದೆ. ಇಲ್ಲಿ ನಿಮ್ಮದಷ್ಟೇ ಅಲ್ಲ, ಎದುರಿನವರ ಗೌಪ್ಯತೆಯೂ ಹೋಗುತ್ತದೆ, ಅವರನ್ನು ಯಾರೂ ಕೇಳಿರುವುದಿಲ್ಲ. ಹಾಗಾಗಿ ಕಳಿಸುವ ಮುನ್ನ ಬಾಲ ಕತ್ತರಿಸುವ ಅಭ್ಯಾಸ ಎಲ್ಲಕ್ಕಿಂತ ಮೊದಲು ಬರಬೇಕು.

ಫೈರ್‌ಫಾಕ್ಸ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿಗೆ ಹೋಗಿ, ಎನ್‌ಹ್ಯಾನ್ಸ್‌ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್ ಅನ್ನು ಸ್ಟ್ರಿಕ್ಟ್‌ಗೆ ಬದಲಿಸಿ. ಪ್ಯಾರಾಮೀಟರ್ ಕಳಚುವ ಈ ಸೌಲಭ್ಯ 2022ರ 102ನೇ ಆವೃತ್ತಿಯಿಂದ ಇದೆ, ಆದರೆ ಸ್ಟ್ಯಾಂಡರ್ಡ್‌ನಲ್ಲಿ ಬಿಟ್ಟರೆ ಸಾಮಾನ್ಯ ಕಿಟಕಿಯಲ್ಲಿ ಕೆಲಸ ಮಾಡುವುದಿಲ್ಲ. ಸ್ಟ್ರಿಕ್ಟ್ ಮಾಡಿದ ಮೇಲೆ ಯಾವುದಾದರೂ ತಾಣ ಕೆಟ್ಟು ನಿಂತರೆ ಇಡೀ ರಕ್ಷಣೆಯನ್ನು ತೆಗೆಯಬೇಡಿ. ವಿಳಾಸದ ಎಡಗಡೆಯ ಗುರಾಣಿ ಚಿತ್ರ ಒತ್ತಿ ಆ ಒಂದು ತಾಣಕ್ಕೆ ಮಾತ್ರ ಆಫ್ ಮಾಡಿ. ಹಂಚಲಿಕ್ಕಾದರೆ ಲಿಂಕ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ‘ಕಾಪಿ ಲಿಂಕ್ ವಿತೌಟ್ ಸೈಟ್ ಟ್ರ್ಯಾಕಿಂಗ್’ ಅಥವಾ ‘ಕಾಪಿ ಕ್ಲೀನ್ ಲಿಂಕ್’ ಸಿಗುತ್ತದೆ. ಆವೃತ್ತಿಗೆ ತಕ್ಕಂತೆ ಹೆಸರು ಬೇರೆ, ಕೆಲಸ ಒಂದೇ.

ಸಫಾರಿಯಲ್ಲಿ 17ನೇ ಆವೃತ್ತಿಯಿಂದ ಪ್ರೈವೇಟ್ ಬ್ರೌಸಿಂಗ್‌ಗೆ ಈ ರಕ್ಷಣೆ ತಾನಾಗಿಯೇ ಇದೆ. ಎಲ್ಲ ಕಿಟಕಿಗಳಿಗೂ ಬೇಕಾದರೆ ಸಫಾರಿ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಟ್ರ್ಯಾಕಿಂಗ್ ಅಂಡ್ ಫಿಂಗರ್‌ಪ್ರಿಂಟಿಂಗ್ ಪ್ರೊಟೆಕ್ಷನ್ ಅನ್ನು ‘ಆಲ್ ಬ್ರೌಸಿಂಗ್’ಗೆ ಇಡಿ. ಬ್ರೇವ್ ಬ್ರೌಸರ್ ನೀವು ಏನೂ ಮಾಡದೆಯೇ ಬಾಲ ಕಳಚುತ್ತದೆ.

ಬ್ರೌಸರ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಎಕ್ಸ್‌ಟೆನ್ಶನ್ ಹಾಕಿಕೊಂಡಿರುವವರು ಅದರ ಡ್ಯಾಶ್‌ಬೋರ್ಡ್ ತೆರೆದು, ಫಿಲ್ಟರ್ ಲಿಸ್ಟ್ಸ್‌ನ ಪ್ರೈವಸಿ ವಿಭಾಗದಲ್ಲಿ ‘ಯುಆರ್‌ಎಲ್ ಟ್ರ್ಯಾಕಿಂಗ್ ಪ್ರೊಟೆಕ್ಷನ್’ ಪಟ್ಟಿಗೆ ಟಿಕ್ ಹಾಕಿ, ಅಪ್ಲೈ ಚೇಂಜಸ್ ಒತ್ತಬೇಕು. ಟಿಕ್ ಹಾಕಿ ಅಪ್ಲೈ ಮರೆತರೆ ಏನೂ ಬದಲಾಗುವುದಿಲ್ಲ. ಈ ಪಟ್ಟಿ ಯುಟಿಎಂಗಳನ್ನೂ ಕಳಚುತ್ತದೆ. ಫೈರ್‌ಫಾಕ್ಸ್ ಮತ್ತು ಸಫಾರಿ ಪುಟ ತೆರೆಯುವಾಗ ಅವನ್ನು ಹಾಗೇ ಬಿಡುತ್ತವೆ.

ಇವೆಲ್ಲ ಹೆಸರಿನ ಪಟ್ಟಿ ನೋಡಿ ಕಳಚುವ ವಿಧಾನಗಳು, ಹಾಗಾಗಿ ಮಿತಿಯಿದೆ. ಕಂಪನಿ ಪ್ಯಾರಾಮೀಟರ್ ಹೆಸರು ಬದಲಿಸಿದರೆ ಪಟ್ಟಿ ಪರಿಷ್ಕರಣೆಯಾಗುವವರೆಗೂ ಗುರುತು ದಾಟಿಹೋಗುತ್ತದೆ. ಹಲವು ಸುದ್ದಿಪತ್ರಗಳ (ನ್ಯೂಸ್‌ಲೆಟರ್) ಇಮೇಲ್ ಲಿಂಕ್‌ಗಳಲ್ಲಂತೂ ಬಾಲವೇ ಇರುವುದಿಲ್ಲ, ಇಡೀ ವಿಳಾಸವೇ ನಿಮ್ಮೊಬ್ಬರಿಗಾಗಿ ತಯಾರಾದದ್ದು. ಅದು ಮೊದಲು ಕಳಿಸಿದವರ ಸರ್ವರ್‌ಗೆ ಹೋಗಿ, ನೀವು ಒತ್ತಿದಿರೆಂದು ದಾಖಲಿಸಿ, ಆಮೇಲೆ ನಿಜವಾದ ಪುಟಕ್ಕೆ ತಿರುಗಿಸುತ್ತದೆ. ಅಲ್ಲಿ ಏನನ್ನೂ ಕತ್ತರಿಸಲು ಬರುವುದಿಲ್ಲ. ಲಿಂಕ್ ಒತ್ತದೆ, ಲೇಖನದ ಶೀರ್ಷಿಕೆಯನ್ನು ಆ ತಾಣದಲ್ಲೇ ಹುಡುಕಿ ಓದುವುದೊಂದೇ ಮಾರ್ಗ. ಫೇಸ್‌ಬುಕ್‌ನ ತಿರುಗಿಸುವ ಲಿಂಕ್ ಬೇರೆ ಥರ: ನಿಜವಾದ ವಿಳಾಸ ‘ಯು’ (u) ಎಂಬ ಪ್ಯಾರಾಮೀಟರ್‌ನೊಳಗೇ ಇರುತ್ತದೆ. ಓರೆಗೆರೆ, ಕೋಲನ್‌ಗಳ ಜಾಗದಲ್ಲಿ ಶೇಕಡಾ ಚಿಹ್ನೆಯ ಸಂಕೇತಗಳಿರುವುದರಿಂದ ಅದನ್ನು ಯುಆರ್‌ಎಲ್ ಡಿಕೋಡ್ ಮಾಡಿ, ಅಂದರೆ ಆ ಸಂಕೇತಗಳನ್ನು ಮತ್ತೆ ಮೂಲ ಚಿಹ್ನೆಗಳಾಗಿ ಬದಲಿಸಿ, ಬಳಸಬಹುದು.

ಕೈಯಾರೆ ಕತ್ತರಿಸುವಾಗ ಅತ್ಯುತ್ಸಾಹ ಬೇಡ. ಪಾಸ್‌ವರ್ಡ್ ಬದಲಿಸುವ ಲಿಂಕ್, ಇಮೇಲ್ ದೃಢೀಕರಣದ ಲಿಂಕ್, ಅನ್‌ಸಬ್‌ಸ್ಕ್ರೈಬ್ ಲಿಂಕ್, ಯಾರೋ ಹಂಚಿದ ಖಾಸಗಿ ಫೈಲಿನ ಲಿಂಕ್: ಇವುಗಳಲ್ಲಿ ಬಾಲವೇ ಕೀಲಿ. ಮುಟ್ಟಿದರೆ ಲಿಂಕ್ ಸತ್ತಂತೆ. ಉಳಿದವನ್ನು ಪ್ರೈವೇಟ್ ಕಿಟಕಿಯಲ್ಲಿ ಪರೀಕ್ಷಿಸಿ. ಒಂದೊಂದೇ ಪ್ಯಾರಾಮೀಟರ್ ತೆಗೆದು, ಪುಟ ಸರಿಯಾಗಿ ತೆರೆದರೆ ಅದು ಬೇಡದ್ದು. ಲಾಗಿನ್ ಆಗಿರುವ ಕಿಟಕಿಯಲ್ಲಿ ಪರೀಕ್ಷಿಸಿದರೆ ನಿಮಗೆ ತೆರೆದ ಪುಟ ಇನ್ನೊಬ್ಬರಿಗೆ ತೆರೆಯದೆ ಹೋಗಬಹುದು.

ಸೆಟ್ಟಿಂಗ್‌ಗಳೆಲ್ಲ ಬದಲಾದ ದಿನವೇ ಇನ್ನೊಂದು ಕೆಲಸ ಮಾಡಿ. ಈಗ ಹಾಕಿದ ರಕ್ಷಣೆ ಮುಂದೆ ಬರುವ ಲಿಂಕ್‌ಗಳಿಗೆ ಮಾತ್ರ, ಈಗಾಗಲೇ ಬರೆದಿಟ್ಟ 90 ದಿನದ ಕುಕಿಗಳನ್ನು ಅದು ಮುಟ್ಟುವುದಿಲ್ಲ. ಬ್ರೌಸರ್‌ನ ಕುಕಿ ಮತ್ತು ಸೈಟ್ ಡೇಟಾವನ್ನು ಒಮ್ಮೆ ಪೂರ್ತಿ ಅಳಿಸಿ. ಎಲ್ಲ ತಾಣಗಳಿಂದಲೂ ಲಾಗ್‌ಔಟ್ ಆಗುತ್ತೀರಿ, ಆದ್ದರಿಂದ ಪಾಸ್‌ವರ್ಡ್‌ಗಳು ಕೈಗೆ ಸಿಗುವಂತಿವೆಯೇ ಎಂದು ಮೊದಲೇ ನೋಡಿಕೊಳ್ಳಿ.