ಪ್ಲಗಿನ್‌ಗೆ ಹುಕ್ ಎಲ್ಲಿಡಬೇಕು?

ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದು ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ವೆಬ್‌ಸೈಟ್ ಮಾಡಿಸಿದೆ ಅಂದುಕೊಳ್ಳಿ. ದೀಪಾವಳಿಗೆ ಶೇ. 10 ರಿಯಾಯಿತಿ ಕೊಡಬೇಕು. ಪಾರ್ಸೆಲ್ ಖರ್ಚು 50 ರೂಪಾಯಿ ಸೇರಿಸಬೇಕು. ಇದಕ್ಕಾಗಿ ಮೂಲ ಕೋಡಿಗೇ ಕೈ ಹಾಕಿದರೆ, ಮುಂದಿನ ಅಪ್‌ಡೇಟ್ ಬಂದಾಗ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಬದಲಾವಣೆಯನ್ನು ಪ್ಲಗಿನ್ ಅನ್ನುವ ಬೇರೆ ತುಣುಕಿನಲ್ಲಿ ಬರೆಯುತ್ತಾರೆ. ಅದನ್ನು ಮೂಲ ಕೋಡಿಗೆ ಸಿಕ್ಕಿಸಲು ಹುಕ್ ಬೇಕು.

ಮೂಲ ಕೋಡ್ ಓಡುತ್ತಾ ಒಂದು ಗೊತ್ತಾದ ಜಾಗಕ್ಕೆ ಬಂದಾಗ, ಇಲ್ಲಿ ಯಾರಾದರೂ ಕೆಲಸ ಹಚ್ಚಿದ್ದಾರಾ ಅಂತ ನೋಡುತ್ತದೆ. ಆ ಜಾಗವೇ ಹುಕ್. ಪ್ಲಗಿನ್ ಅಲ್ಲಿ ಮೊದಲೇ ಹೆಸರು ಬರೆಸಿಟ್ಟ ಫಂಕ್ಷನ್ನೇ (ಒಂದು ಕೆಲಸ ಮಾಡುವ ಕೋಡಿನ ತುಂಡು) ಕಾಲ್‌ಬ್ಯಾಕ್. ವರ್ಡ್‌ಪ್ರೆಸ್‌ನಲ್ಲಿ ಇದು ಎರಡು ಬಗೆ. ಆಕ್ಷನ್ ತನ್ನ ಕೆಲಸ ಮುಗಿಸಿ ಹೋಗುತ್ತದೆ. ಫಿಲ್ಟರ್ ಮಾತ್ರ ತನಗೆ ಕೊಟ್ಟದ್ದನ್ನು ತಿದ್ದಿ ವಾಪಸ್ ಕೊಡಲೇಬೇಕು. ಮರೆತರೆ ಮುಂದಿನವರಿಗೆ ಬೆಲೆಯೇ ಸಿಗುವುದಿಲ್ಲ.

ಈಗ ಲೆಕ್ಕ ನೋಡಿ. ಸರಕಿನ ಬೆಲೆ 500 ರೂಪಾಯಿ. ರಿಯಾಯಿತಿ ಮೊದಲು ಕಳೆದರೆ 450, ಪಾರ್ಸೆಲ್ ಸೇರಿ 500. ಪಾರ್ಸೆಲ್ ಮೊದಲು ಸೇರಿಸಿದರೆ 550, ರಿಯಾಯಿತಿ ಕಳೆದು 495. ರಿಯಾಯಿತಿಯ ಪ್ಲಗಿನ್ ಬರೆದವರು ಹುಬ್ಬಳ್ಳಿಯವರು, ಪಾರ್ಸೆಲ್‌ನದು ಗದಗಿನವರದು. ಒಬ್ಬರಿಗೊಬ್ಬರು ಪರಿಚಯವೇ ಇಲ್ಲ. ಇಬ್ಬರ ಕೋಡೂ ಸರಿಯೇ ಇದೆ. ಆದರೂ ಬಿಲ್ಲಿನಲ್ಲಿ 5 ರೂಪಾಯಿ ವ್ಯತ್ಯಾಸ!

ಸರದಿಗೆ ವರ್ಡ್‌ಪ್ರೆಸ್‌ನಲ್ಲಿ ಒಂದು ಅಂಕಿ ಉಂಟು. ಸಣ್ಣ ಅಂಕಿ ಇದ್ದವರು ಮೊದಲು. ಏನೂ ಹೇಳದಿದ್ದರೆ 10. ಇಬ್ಬರೂ 10ರಲ್ಲೇ ಬಿಟ್ಟರೆ, ಮೊದಲು ಹೆಸರು ಬರೆಸಿದವರು ಮೊದಲು ಓಡುತ್ತಾರೆ. ಈ ಅಂಕಿಯನ್ನೇ ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ನಾನು 1 ಹಾಕಿದರೆ ಇನ್ನೊಬ್ಬರು 0 ಹಾಕುತ್ತಾರೆ, ಅಲ್ವಾ? ಅದರ ಬದಲು ಸರಕಿನ ಬೆಲೆಗೆ ಒಂದು ಹುಕ್, ಒಟ್ಟು ಮೊತ್ತಕ್ಕೆ ಇನ್ನೊಂದು ಹುಕ್ ಇಟ್ಟುಬಿಟ್ಟರೆ ಜಗಳವೇ ಇಲ್ಲ. ರಿಯಾಯಿತಿ ಮೊದಲನೆಯದಕ್ಕೆ, ಪಾರ್ಸೆಲ್ ಎರಡನೆಯದಕ್ಕೆ. ಹುಕ್ ವಿನ್ಯಾಸದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಈ ಜಾಗದ ಬಗ್ಗೆಯೇ.

ಕಾಲ್‌ಬ್ಯಾಕ್ ಕೈಕೊಟ್ಟರೆ ಏನು ಮಾಡಬೇಕು ಅನ್ನುವುದನ್ನೂ ಮೊದಲೇ ತೀರ್ಮಾನಿಸಬೇಕು. ಎಸ್‌ಎಂಎಸ್ ಹೋಗಲಿಲ್ಲ ಅಂತ ಆರ್ಡರ್ ನಿಲ್ಲಬಾರದು. ಸರಕೇ ಖಾಲಿಯಾಗಿದ್ದರೆ ನಿಲ್ಲಲೇಬೇಕು. ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋ ಇದಕ್ಕಾಗಿ ಸಿಗ್ನಲ್ (ಅದರಲ್ಲಿ ಹುಕ್‌ನಂಥದ್ದು) ಕಳಿಸುವ ಎರಡು ದಾರಿ ಕೊಟ್ಟಿದೆ. ಒಂದರಲ್ಲಿ ಯಾರೋ ಒಬ್ಬರು ಎಡವಿದರೆ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದರಲ್ಲಿ ಆ ತಪ್ಪನ್ನು ಹಿಡಿದಿಟ್ಟುಕೊಂಡು ಉಳಿದವರನ್ನೂ ಕರೆಯುತ್ತದೆ. ಅಂಥದ್ದೇ ಇನ್ನೊಂದಾದ ರೇಲ್ಸ್‌ನ ಹಳೆಯ ಆವೃತ್ತಿಗಳಲ್ಲಿ, ಮಾಹಿತಿ ಸೇವ್ ಆಗುವ ಮೊದಲಿನ ಕಾಲ್‌ಬ್ಯಾಕ್ ಫಾಲ್ಸ್ (ಸುಳ್ಳು) ಅಂತ ಉತ್ತರ ಕೊಟ್ಟರೆ ಸಾಕು, ಸೇವ್ ನಿಂತುಬಿಡುತ್ತಿತ್ತು. ಕಾಲ್‌ಬ್ಯಾಕಿನ ಕೊನೆಯ ಸಾಲಿನ ಉತ್ತರ ಸುಮ್ನೆ ಫಾಲ್ಸ್ ಆಗಿದ್ದರೂ ಅದೇ ಗತಿ. ಏಕೆ ನಿಂತಿತು ಅಂತ ಹುಡುಕುವುದೇ ದೊಡ್ಡ ಕೆಲಸ. 2016ರಲ್ಲಿ ಬಂದ ರೇಲ್ಸ್ 5 ಇದನ್ನು ಬದಲಿಸಿತು. ಈಗ ನಿಲ್ಲಿಸಬೇಕಿದ್ದರೆ ಅಬಾರ್ಟ್ ಅಂತ ಕೋಡಿನಲ್ಲಿ ಬರೆದೇ ಹೇಳಬೇಕು.