ಬೆಕ್ವೆರೆಲ್: ಸೊಪ್ಪಿನ ಕಟ್ಟಿನೊಳಗಿನ ಎಣಿಕೆ

ಬಳ್ಳಾರಿಯವರಿಗೆ ಬೆಳಗ್ಗೆ ಎದ್ದರೆ ಕಣ್ಣಿಗೆ ಬೀಳುವುದು ಗ್ರಾನೈಟ್ ಗುಡ್ಡ. ಇಂಥ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಚೂರುಪಾರು ಇದ್ದೇ ಇರುತ್ತವೆ. ಕಲ್ಲು ಸವೆದು ಮಣ್ಣಾಗುತ್ತದೆ, ಮಣ್ಣಿನದು ಬೇರಿಗೆ ಏರುತ್ತದೆ. ಹಾಗಾದರೆ ನಮ್ಮ ಪುಂಡಿಪಲ್ಯದಲ್ಲೂ ವಿಕಿರಣ ಇದೆಯಾ? ಇದೆ. ಎಷ್ಟು ಅಂತ ಹೇಳುವ ಅಳತೆಯೇ ಬೆಕ್ವೆರೆಲ್.

ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕ್ವೆರೆಲ್. ಅಷ್ಟೇ. 1896ರಲ್ಲಿ ವಿಕಿರಣಶೀಲತೆ ಕಂಡುಹಿಡಿದ ಫ್ರೆಂಚ್ ವಿಜ್ಞಾನಿಯ ಹೆಸರು ಇದು. ಅಳತೆ ತೀರಾ ಸಣ್ಣದು, ಅದಕ್ಕೇ ಅಂಕಿ ದೊಡ್ಡದಾಗಿ ಕಂಡು ಹೆದರಿಸುತ್ತದೆ. ಒಂದು ಕಿಲೋ ಪಾಲಕ್‌ನಲ್ಲಿ ಪೊಟ್ಯಾಸಿಯಂ-40 (ಪೊಟ್ಯಾಸಿಯಂನ ವಿಕಿರಣ ಸೂಸುವ ರೂಪ) ಒಂದರದ್ದೇ ಸುಮಾರು 170 ಬೆಕ್ವೆರೆಲ್. ಅದನ್ನು ಮಾರುವ ಅಜ್ಜಿಯ ಮೈಯಲ್ಲೂ ಸಾವಿರಗಟ್ಟಲೆ ಇರುತ್ತದೆ!

ಫುಕುಶಿಮಾ ಅಣುಸ್ಥಾವರದ ದುರಂತ ಆದಮೇಲೆ, 2012ರಲ್ಲಿ, ಜಪಾನ್ ಸಾಮಾನ್ಯ ಆಹಾರಕ್ಕೆ ಇಟ್ಟ ಮಿತಿ ಕಿಲೋಗೆ 100 ಬೆಕ್ವೆರೆಲ್. ಪಾಲಕ್ ಮಿತಿ ದಾಟಿತು ಅಂತೀರಾ? ಇಲ್ಲ. ಆ ಮಿತಿ ಅಣುಸ್ಥಾವರದಿಂದ ಸೋರುವ ವಿಕಿರಣಶೀಲ ಸೀಸಿಯಂಗೆ. ಎಷ್ಟು ಅನ್ನುವುದಕ್ಕಿಂತ ಯಾವುದರದ್ದು ಅನ್ನುವುದೇ ಇಲ್ಲಿ ಮುಖ್ಯ. ಹತ್ತು ಬ್ಯಾಡಗಿ ಮೆಣಸಿನಕಾಯಿಯೂ ಹತ್ತು ಗುಂಟೂರು ಕಾಯಿಯೂ ಎಣಿಕೆಗೆ ಒಂದೇ, ನಾಲಿಗೆಗೆ ಅಲ್ಲ, ಅಲ್ವಾ? ಬೆಕ್ವೆರೆಲ್ ಕಾಯಿ ಎಣಿಸುತ್ತದೆ. ಖಾರ ಅಳೆಯುವುದು ಸೀವರ್ಟ್ ಅನ್ನುವ ಇನ್ನೊಂದು ಅಳತೆ. ಕ್ಯಾನ್ಸರ್ ಅಪಾಯದ ಲೆಕ್ಕ ಇದರಲ್ಲೇ ನಡೆಯುತ್ತದೆ.

ನಿಜವಾದ ಗುಂಟೂರು ಕಾಯಿ ಅಂದ್ರೆ ಯುರೇನಿಯಂ ಒಡೆಯುತ್ತಾ ಹೋದಾಗ ಹುಟ್ಟುವ ಪೊಲೋನಿಯಂ-210. ಹೊಟ್ಟೆಗೆ ಹೋದರೆ ಒಂದೊಂದು ಬೆಕ್ವೆರೆಲ್‌ಗೆ ಪೊಟ್ಯಾಸಿಯಂ-40ಕ್ಕಿಂತ ಹೆಚ್ಚುಕಡಿಮೆ 200 ಪಟ್ಟು ಜಾಸ್ತಿ ಖಾರ. ಇದು ಗಾಳಿಯಿಂದಲೂ ಇಳಿದು ಎಲೆ ಮೇಲೆ ಕೂರುತ್ತದೆ. ಹಾಗಾಗಿ ಗೆಡ್ಡೆಗಿಂತ ಅಗಲ ಎಲೆಯ ಸೊಪ್ಪಿನಲ್ಲಿ ಜಾಸ್ತಿ. ಪೊಟ್ಯಾಸಿಯಂ ಹಾಗಲ್ಲ. ಎಷ್ಟು ತಿಂದರೂ ದೇಹ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ.

ಅಳೆಯುವುದು ತಾಳ್ಮೆಯ ಕೆಲಸ. ಸೊಪ್ಪನ್ನು ತೊಳೆದು, ಒಣಗಿಸಿ, ಪುಡಿ ಮಾಡಿ ಡಬ್ಬಿಯಲ್ಲಿ ಮುಚ್ಚುತ್ತಾರೆ. ಯುರೇನಿಯಂನಿಂದಲೇ ಹುಟ್ಟುವ ರೇಡಿಯಂ ಲೆಕ್ಕವೂ ಬೇಕಿದ್ದರೆ ಸುಮಾರು ಒಂದು ತಿಂಗಳು ಹಾಗೇ ಇಡಬೇಕು. ಆಮೇಲೆ ದಪ್ಪ ಸೀಸದ ಗೂಡಿನೊಳಗೆ ಡಿಟೆಕ್ಟರ್ ಮೇಲಿಟ್ಟು ಗಂಟೆಗಟ್ಟಲೆ ಎಣಿಕೆ. ಪರದೆಯ ಮೇಲೆ 1460 ಕಿಲೋ ಎಲೆಕ್ಟ್ರಾನ್ ವೋಲ್ಟ್ (ವಿಕಿರಣದ ಶಕ್ತಿಯ ಅಳತೆ) ಹತ್ತಿರ ಗೆರೆ ಚೂಪಾಗಿ ಎದ್ದರೆ ಪೊಟ್ಯಾಸಿಯಂ, 662ರಲ್ಲಿ ಎದ್ದರೆ ಸೀಸಿಯಂ. ಪೊಲೋನಿಯಂ ಈ ಯಂತ್ರಕ್ಕೂ ಸಿಗುವುದಿಲ್ಲ. ಅದನ್ನು ರಾಸಾಯನಿಕದಿಂದ ಬೇರ್ಪಡಿಸಿಯೇ ಎಣಿಸಬೇಕು.

ಸೀಸದ ಗೂಡು ಯಾಕೆ ಅಂದರೆ, ಸುತ್ತಲಿನ ಕಲ್ಲು, ಗೋಡೆ, ಆಕಾಶ ಎಲ್ಲದರಿಂದಲೂ ವಿಕಿರಣ ಬರುತ್ತಿರುತ್ತದೆ. ಸಂತೆಯಲ್ಲಿ ಸುಮ್ನೆ ಕೈಮೀಟರ್ ಹಿಡಿದು ಸೊಪ್ಪು ನೋಡಿದರೆ ಅದು ಎಣಿಸುವುದು ಬಹುಪಾಲು ಹಿಂದಿನ ಗುಡ್ಡವನ್ನೇ.