ಇಲಿಯಲ್ಲಿ ಕರಗಿದ ಗಡ್ಡೆ ಮನುಷ್ಯನಲ್ಲೇಕೆ ಕರಗಲಿಲ್ಲ?

ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸ್‌ನ, ಕ್ಯಾನ್ಸರ್ ಇಲಿಗಳಲ್ಲಿ ವಾಸಿಯಾಯಿತು ಎಂಬ ಸುದ್ದಿ ಆಗಾಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಮನೆಯಲ್ಲಿ ರೋಗಿಯಿರುವವರು ಮೊಬೈಲ್ ಹಿಡಿದು ವೈದ್ಯರ ಮುಂದೆ ಕೂರುತ್ತಾರೆ, ಈ ಔಷಧ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಸಿಗುವುದಿಲ್ಲ. ಹಾಗೆಂದು ಸುದ್ದಿ ಸುಳ್ಳೇನಲ್ಲ, ಇಲಿಗಳು ನಿಜಕ್ಕೂ ಚೇತರಿಸಿಕೊಂಡಿರುತ್ತವೆ. ಅದು ಎಂಥ ಇಲಿ, ಎಷ್ಟು ದಿನ ಚೇತರಿಸಿಕೊಂಡಿತು ಎಂಬುದನ್ನು ಮಾತ್ರ ಯಾರೂ ಬರೆದಿರುವುದಿಲ್ಲ.

ಮೊದಲು ಬಂದದ್ದು ಬೋಳು ಇಲಿ. ಮೈಮೇಲೆ ಕೂದಲಿಲ್ಲ, ಒಳಗೆ ಥೈಮಸ್ ಗ್ರಂಥಿಯಿಲ್ಲ. ಹೀಗಾಗಿ ಪರಕೀಯ ಅಂಗಾಂಶವನ್ನು ಹೊರದಬ್ಬುವ ಟಿ-ಕೋಶಗಳೂ ಇಲ್ಲ. 1969ರಲ್ಲಿ ಡೆನ್ಮಾರ್ಕ್‌ನ ವಿಜ್ಞಾನಿಗಳು ಮನುಷ್ಯನ ಗಡ್ಡೆಯ ತುಣುಕನ್ನು ಇಂಥ ಇಲಿಯಲ್ಲಿ ನೆಟ್ಟು ಬೆಳೆಸಿದರು. ಮುಂದಿನ ಮೂರು ದಶಕಗಳಲ್ಲಿ ಪ್ರಯೋಗಾಲಯಗಳು ಇದೇ ದಾರಿಯಲ್ಲಿ ನಡೆದವು: ಚರ್ಮದಡಿ ಗಡ್ಡೆ ನೆಡು, ಔಷಧ ಕೊಡು, ಕ್ಯಾಲಿಪರ್ ಹಿಡಿದು ಅಳೆ. ಗಡ್ಡೆಗಳು ಚೆನ್ನಾಗಿಯೇ ಕುಗ್ಗಿದವು. ಆಸ್ಪತ್ರೆಗಳಲ್ಲಿ ಮಾತ್ರ ಅಷ್ಟು ಬದಲಾವಣೆ ಕಾಣಲಿಲ್ಲ. 1997ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಳೆಯ ಔಷಧ ಪಡೆದವರ ಸರಾಸರಿ ಆಯುಷ್ಯ ಸುಮಾರು ನಾಲ್ಕೂವರೆ ತಿಂಗಳು, ಹೊಸದಾಗಿ ಬಂದ ಜೆಮ್ಸಿಟಾಬಿನ್ ಪಡೆದವರದು ಐದೂವರೆಗಿಂತ ಸ್ವಲ್ಪ ಹೆಚ್ಚು. ಅಷ್ಟಕ್ಕೇ ಅದು ಪ್ರಮಾಣಿತ ಚಿಕಿತ್ಸೆಯಾಯಿತು ಎಂದರೆ ಉಳಿದವುಗಳ ಪಾಡು ಹೇಗಿದ್ದಿರಬಹುದು!

ಈ ಕ್ಯಾನ್ಸರ್ ಬಂದ ಹತ್ತರಲ್ಲಿ ಒಂಬತ್ತು ರೋಗಿಗಳಲ್ಲಿ ಕೆ-ರಾಸ್ ಎಂಬ ಜೀನ್ ಕೆಟ್ಟಿರುತ್ತದೆ. ಹಾಗಾದರೆ ಗಡ್ಡೆಯನ್ನು ಹೊರಗಿಂದ ನೆಡುವುದೇಕೆ, ಇಲಿಯ ಪ್ಯಾಂಕ್ರಿಯಾಸ್‌ನಲ್ಲೇ ಆ ಜೀನನ್ನು ಕೆಡಿಸಿದರೆ? ಸುನಿಲ್ ಹಿಂಗೋರಾಣಿ, ಡೇವಿಡ್ ಟೂವ್ಸನ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಮಾಡಿ ತೋರಿಸಿದರು. 2005ರಲ್ಲಿ ಪಿ53 ಎಂಬ ಇನ್ನೊಂದು ಜೀನನ್ನೂ ಕೆಡಿಸಿದಾಗ ಹುಟ್ಟಿದ್ದೇ ಕೆಪಿಸಿ ಇಲಿ. ಸಾಮಾನ್ಯ ಇಲಿ ಎರಡು ವರ್ಷ ಬದುಕಿದರೆ ಇದು ಐದು ತಿಂಗಳ ಆಸುಪಾಸಿನಲ್ಲಿ ಸಾಯುತ್ತದೆ. ಅದಕ್ಕೂ ಮೊದಲು ರೋಗಿಗಳಂತೆಯೇ ಸೊರಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ, ಯಕೃತ್ತಿಗೂ ಶ್ವಾಸಕೋಶಕ್ಕೂ ರೋಗ ಹಬ್ಬುತ್ತದೆ.

ಆದರೆ ಸಾಕುವುದು ಸುಲಭವಲ್ಲ. ಕೆ-ರಾಸ್, ಪಿ53, ಜೊತೆಗೆ ಇವೆರಡನ್ನೂ ಪ್ಯಾಂಕ್ರಿಯಾಸ್‌ನಲ್ಲಿ ಕೆಡಿಸುವ ಕ್ರೇ ಎಂಬ ಜೀನ್, ಈ ಮೂರು ಬದಲಾವಣೆಗಳೂ ಒಂದೇ ಮರಿಯಲ್ಲಿ ಕೂಡಬೇಕು. ಸಾಮಾನ್ಯ ಸಂಕರಣದಲ್ಲಿ ಎಂಟು ಮರಿಗಳಿಗೆ ಒಂದು ಸಿಕ್ಕೀತು. ಗಡ್ಡೆ ಯಾವಾಗ ಮೂಡುತ್ತದೆಂದು ಹೇಳಲಾಗದ ಕಾರಣ ಪುಟ್ಟ ಇಲಿಗಳಿಗೆ ಮತ್ತೆ ಮತ್ತೆ ಅಲ್ಟ್ರಾಸೌಂಡ್ ಮಾಡುತ್ತಾ ಕಾಯಬೇಕು. ನೆಟ್ಟ ಗಡ್ಡೆಯಾದರೆ ಒಂದೇ ದಿನ ನಲವತ್ತು ಇಲಿ ಸಿದ್ಧ. ತುರ್ತಿನಲ್ಲಿರುವವರು ಯಾವುದನ್ನು ಆರಿಸಿಕೊಂಡರೆಂದು ಬಿಡಿಸಿ ಹೇಳಬೇಕಿಲ್ಲ.

2009ರಲ್ಲಿ ಕೆಪಿಸಿ ಇಲಿ ಒಂದು ಹಳೆಯ ಒಗಟನ್ನು ಬಿಡಿಸಿತು. ನೆಟ್ಟ ಗಡ್ಡೆಗಳನ್ನು ಕುಗ್ಗಿಸುತ್ತಿದ್ದ ಜೆಮ್ಸಿಟಾಬಿನ್ ಇದರ ಗಡ್ಡೆಗೆ ನಾಟಲೇ ಇಲ್ಲ, ಬಹುಪಾಲು ರೋಗಿಗಳಲ್ಲಿ ಆಗುವಂತೆಯೇ. ಗಡ್ಡೆಯ ಬಹುಭಾಗ ಕ್ಯಾನ್ಸರ್ ಕೋಶಗಳಲ್ಲ, ನಾರಿನಂಥ ಗಟ್ಟಿ ಅಂಗಾಂಶ, ರಕ್ತನಾಳಗಳೂ ವಿರಳ. ಔಷಧ ಒಳಗೆ ಹೋಗುವುದೆಂತು? ಆ ನಾರನ್ನು ಬೆಳೆಸುವ ಹೆಡ್ಜ್‌ಹಾಗ್ ಎಂಬ ಸಂಕೇತವನ್ನು ತಡೆಯುವ ಔಷಧವನ್ನು ಜೊತೆಗೆ ಕೊಟ್ಟಾಗ ಜೆಮ್ಸಿಟಾಬಿನ್ ಒಳಹೊಕ್ಕಿತು, ಚಿಕಿತ್ಸೆ ಶುರುವಾದ ಮೇಲೆ ಇಲಿಗಳ ಸರಾಸರಿ ಉಳಿವು 11 ದಿನದಿಂದ 25 ದಿನಕ್ಕೇರಿತು. ಕ್ಷೇತ್ರದಲ್ಲಿ ಸಂಭ್ರಮವೋ ಸಂಭ್ರಮ. ಹೆಚ್ಚಿದ್ದು ಎರಡೇ ವಾರ, ಇದು ನೆನಪಿರಲಿ. ರೋಗಿಗಳ ಮೇಲಿನ ಪರೀಕ್ಷೆ ಬೇಗನೆ ಆರಂಭವಾಯಿತು, 2012ರ ಜನವರಿಯಲ್ಲಿ ಅಷ್ಟೇ ಬೇಗ ನಿಂತಿತು. ಎರಡೂ ಔಷಧ ಪಡೆದವರ ಸ್ಥಿತಿ ಬರೀ ಜೆಮ್ಸಿಟಾಬಿನ್ ಪಡೆದವರಿಗಿಂತ ಕೆಟ್ಟದಾಗಿತ್ತು.

ಇಲಿಯನ್ನು ನಂಬಿ ಕೆಟ್ಟೆವು ಎಂದು ಆಗ ಹಲವರು ಅಂದುಕೊಂಡರು. ನನಗೆ ಹಾಗೆನಿಸುವುದಿಲ್ಲ. 2014ರಲ್ಲಿ ಇನ್ನೊಂದು ತಂಡ ಹೆಡ್ಜ್‌ಹಾಗ್ ಸಂಕೇತವನ್ನು ಇಲಿಗಳಲ್ಲಿ ದೀರ್ಘಕಾಲ ತಡೆದು ನೋಡಿತು. ನಾರು ಕಡಿಮೆಯಾಯಿತು, ಗಡ್ಡೆ ಮಾತ್ರ ಇನ್ನಷ್ಟು ಉಗ್ರವಾಗಿ ಬೆಳೆದು ಇಲಿಗಳು ಬೇಗ ಸತ್ತವು. ಔಷಧವನ್ನು ಹೊರಗೇ ನಿಲ್ಲಿಸಿದ್ದ ಬೇಲಿ ಕ್ಯಾನ್ಸರನ್ನೂ ಒಳಗೆ ಕಟ್ಟಿಹಾಕಿತ್ತು. ಐದು ವರ್ಷ ಮೊದಲೇ ಪ್ರಯೋಗವನ್ನು ಇನ್ನಷ್ಟು ಕಾಲ ನಡೆಸಿದ್ದರೆ ಬಹುಶಃ ಇದು ಆಗಲೇ ತಿಳಿಯುತ್ತಿತ್ತು.

ಆಮೇಲೂ ಅದೇ ಉಮೇದು ಇನ್ನೊಂದು ರೂಪದಲ್ಲಿ ಬಂತು. ಗಡ್ಡೆಯಲ್ಲಿ ಒತ್ತಡ ಹೆಚ್ಚಿಸುವ ಹಯಲುರೋನಾನ್ ಎಂಬ ವಸ್ತುವನ್ನು ಕರಗಿಸುವ ಕಿಣ್ವ ಇಲಿಗಳಲ್ಲಿ ಗೆದ್ದಿತು, ಮನುಷ್ಯರ ಎರಡನೇ ಹಂತದ ಪರೀಕ್ಷೆಯಲ್ಲೂ ಆಸೆ ಹುಟ್ಟಿಸಿತು, 2019ರಲ್ಲಿ ಮೂರನೇ ಹಂತದಲ್ಲಿ ಸೋತಿತು. ಈ ನಡುವೆ ರೋಗಿಗಳ ಆಯುಷ್ಯವನ್ನು ನಿಜವಾಗಿ ಹೆಚ್ಚಿಸಿದ್ದು ಹಳೆಯ ಕೀಮೋ ಔಷಧಗಳದೇ ಮಿಶ್ರಣ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಾಲ್ಫಿರಿನಾಕ್ಸ್ ಎಂಬ ಇಂಥ ಮಿಶ್ರಣ ಪಡೆದವರು ಸರಾಸರಿ 11 ತಿಂಗಳು ಬದುಕಿದರು, ಜೆಮ್ಸಿಟಾಬಿನ್ ಮಾತ್ರ ಪಡೆದವರು ಏಳಕ್ಕೂ ಕಡಿಮೆ.

ಹಾಗೆಂದು ಕೆಪಿಸಿ ಇಲಿಗೂ ಮಿತಿಗಳಿಲ್ಲದೆ ಇಲ್ಲ. ಅದರ ಜೀನ್ ತಾಯಿಯ ಹೊಟ್ಟೆಯಲ್ಲಿರುವಾಗಲೇ ಕೆಡುತ್ತದೆ, ಅದೂ ಇಡೀ ಗ್ರಂಥಿಯಲ್ಲಿ. ಮನುಷ್ಯರಲ್ಲಿ ಒಂದು ಕೋಶದಲ್ಲಿ ಶುರುವಾಗಿ ಕ್ಯಾನ್ಸರ್ ಆಗಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿಯುತ್ತದೆಂದು 2010ರ ಅಧ್ಯಯನವೊಂದು ಅಂದಾಜಿಸಿದೆ. ಇಂಥ ಕಾರಣಗಳಿಂದಲೇ ರೋಗಿಯ ಗಡ್ಡೆಯ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ಆರ್ಗನಾಯ್ಡ್‌ಗಳತ್ತ ಗಮನ ಹರಿಯಿತು; 2015ರಲ್ಲಿ ಪ್ಯಾಂಕ್ರಿಯಾಸ್ ಕ್ಯಾನ್ಸರಿಗೆ ಅದನ್ನು ರೂಪಿಸಿದವರಲ್ಲಿ ಅದೇ ಟೂವ್ಸನ್ ಇದ್ದರು. ಹೊಸ ಔಷಧಗಳನ್ನು ಪ್ರಾಣಿಗಳ ಮೇಲೇ ಪರೀಕ್ಷಿಸಬೇಕೆಂಬ ಕಡ್ಡಾಯವನ್ನು ಅಮೆರಿಕ 2022ರ ಕೊನೆಯಲ್ಲಿ ತೆಗೆಯಿತು, ಭಾರತವೂ 2023ರಲ್ಲಿ ನಿಯಮ ಸಡಿಲಿಸಿತು. ಆದರೆ ತಟ್ಟೆಯ ಕೋಶಗಳು ಸೊರಗುವುದಿಲ್ಲ, ಅವಕ್ಕೆ ಯಕೃತ್ತೂ ಇಲ್ಲ.

ಈಗ ಎಲ್ಲರ ಕಣ್ಣು ಕೆ-ರಾಸ್ ಜೀನಿನ ಪ್ರೋಟೀನನ್ನೇ ತಡೆಯುವ ಔಷಧಗಳ ಮೇಲೆ. ಇಲಿಗಳಲ್ಲಿ ಗಡ್ಡೆ ಚೆನ್ನಾಗಿ ಕುಗ್ಗಿದೆ, ಕೆಲವು ಸಲ ಮರುಕಳಿಸಿಯೂ ಇದೆ. ಡರಾಕ್ಸಾನ್‌ರಾಸಿಬ್ ಎಂಬ ಇಂಥದೊಂದು ಮಾತ್ರೆಯ ಮೂರನೇ ಹಂತದ ಪರೀಕ್ಷೆ 2024ರಲ್ಲಿ ಶುರುವಾದಾಗ ಅದಕ್ಕೆ ಸೇರಿಸಿಕೊಂಡದ್ದು ಆಗಲೇ ಒಂದು ಸುತ್ತು ಚಿಕಿತ್ಸೆ ಮುಗಿಸಿದ್ದ ರೋಗಿಗಳನ್ನು. ಪ್ರಯೋಗಾಲಯದ ಇಲಿಗಳಾದರೋ ಬಹುತೇಕ ಇಂದಿಗೂ ಕೀಮೋ ಕಾಣದೆಯೇ ಹೊಸ ಔಷಧದ ಪರೀಕ್ಷೆಗೆ ಬರುತ್ತವೆ.